ಐದನೆಯ ಫ್ಲಾಪಿ

ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿದೆ. ಮಗಳಿಗೆ ಎರಡು ಜಡೆ ಹಾಕಿದೆ. ಹೊಸ ರಿಬ್ಬನ್ ಒಂದೇ ಸಿಕ್ಕಿದ್ದರಿಂದ ಎರಡಕ್ಕೂ ಹಳೆಯ ನೀಲಿಯದನ್ನೇ ಕಟ್ಟಿದೆ. ಮಳೆಗೆ ಒಣಗದ ಅವಳ ಸ್ಕರ್ಟನ್ನು ಇಸ್ತ್ರಿ ಪೆಟ್ಟಿಗೆಯಲ್ಲೇ ಒಣಗಿಸಿದೆ. ಆಫೀಸಿನಲ್ಲಿ ಸರ್ವರ್ ಕೋಣೆಯ ಏಸಿಯ ಕೆಳಗಿಟ್ಟ ಬಕೆಟ್ಟಿನ ನೀರು ಚೆಲ್ಲಿದೆ. ಯಾವ ಕಂಪ್ಯೂಟರೂ ನೆಟ್‌ವರ್ಕಿಗೆ ಸೇರುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಗುಡಿಸುವಾಗ ಪೊರಕೆ ತಗುಲಿ ಕೇಬಲ್ಲಿನ ಮೂತಿ ಸಡಿಲವಾಗಿತ್ತು, ಮೇಜಿನ ಕೆಳಗೆ ಕೂತು ತಿರುಗಿಸಿ ಬಿಗಿ ಮಾಡಿದೆ. ವರ್ಗಾವಣೆಯ ಹೊಸ ಸುತ್ತೋಲೆ ಬಂದಿತ್ತು, ಅದರ ಅರ್ಜಿ ನಮೂನೆಯ ಎರಡು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡೆ. ಮಧ್ಯಾಹ್ನಕ್ಕೆ ಅರ್ಧ ದಿನ ರಜೆ ಬರೆದುಕೊಟ್ಟೆ. ದಾರಿಯಲ್ಲಿ ಹೆಸರುಕಾಳು, ಒಂದು ತೆಂಗಿನಕಾಯಿ, ನಾಲ್ಕು ನೇಂದ್ರ ಬಾಳೆಹಣ್ಣು ಕೊಂಡೆ. ಮನೆಗೆ ಬಂದು ನೆಲ ಒರೆಸಿ, ಮಂಚಕ್ಕೆ ಒಗೆದ ಹೊದಿಕೆ ಹಾಕಿದೆ.

ಸಂಜೆ ಐದರ ಹೊತ್ತಿಗೆ ನಮ್ಮ ಕಳಮಶ್ಶೇರಿ ಶಾಖೆಯವಳು ಬಂದಳು. ಅವಳ ತಾಯಿ ತೀರಿಕೊಂಡು ಹದಿನಾಲ್ಕು ದಿನಗಳಾಗಿದ್ದವು. ಉಳ್ಳೂರಿನ ತಮ್ಮನ ಮನೆಯಲ್ಲಿ ಕರ್ಮವೆಲ್ಲ ಮುಗಿಸಿ, ಮಾರನೆಯ ಬೆಳಗಿನ ರೈಲಿಗೆ ಹೊರಡುವ ಮೊದಲು ಒಂದು ರಾತ್ರಿ ನಮ್ಮಲ್ಲಿ ಇರುತ್ತೇನೆಂದು ಅವಳೇ ಫೋನು ಮಾಡಿ ಹೇಳಿದ್ದಳು. ಫೋನಿನಲ್ಲಿ ನಾವು ಒಂದೂವರೆ ವರ್ಷ ಮಾತಾಡಿದ್ದೆವು. ಅವಳು ನನ್ನ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವಳಿಗೆ ನಾನು ಒಂದು ಮಾತು ಹೇಳುವುದು ಎಂಟು ತಿಂಗಳಿಂದ ಉಳಿದಿತ್ತು.

ಅದನ್ನು ಹೇಳಬೇಕಾದರೆ ಹಿಂದಿನ ನವರಾತ್ರಿಯಿಂದ ಶುರು ಮಾಡಬೇಕು.

ಆಗ ನಾನು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತೆ. ಮೈಸೂರಿನವಳು. ನನ್ನ ಗಂಡ ಇನ್ನೂರು ಕಿಲೋಮೀಟರ್ ಆಚೆ, ಕೊಚ್ಚಿಯ ಹತ್ತಿರದ ಅಂಬಲಮುಗಳ್‌ನಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಶನಿವಾರ ಸಂಜೆ ಬರುವರು, ಸೋಮವಾರ ಬೆಳಕು ಹರಿಯುವ ಮೊದಲೇ ಹೋಗುವರು. ಮಗಳು ತಂದೆಯನ್ನು ಭಾನುವಾರದ ಮನುಷ್ಯನೆಂದೇ ತಿಳಿದಿದ್ದಳು. ಆರು ವರ್ಷ ಹೀಗೆ ನಡೆದಿತ್ತು.

ಕಚೇರಿಗೆ ಒಂದು ಸರ್ವರ್, ಎಂಟು ಕಂಪ್ಯೂಟರ್ ಬಂದಾಗ ಅವುಗಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಎದ್ದಿತು. ಸಾಹೇಬರು ನನ್ನತ್ತ ಕೈ ತೋರಿಸಿ, "ಇವರಿಗೆ ಟೈಪಿಂಗ್ ಗೊತ್ತು, ಜೊತೆಗೆ ತಾಳ್ಮೆ ಇದೆ" ಎಂದರು. ಹೈದರಾಬಾದಿನಲ್ಲಿ ಎರಡು ವಾರದ ತರಬೇತಿ ಕೊಡಿಸಿದರು. ಅಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕಲಿತದ್ದು ಮೇಜುಗಳ ಕೆಳಗೆ. ಒಂದೇ ಕೇಬಲ್ಲು ಎಲ್ಲ ಕಂಪ್ಯೂಟರುಗಳ ಬೆನ್ನಿಗೆ ಹಾದು ಹೋಗುತ್ತಿತ್ತು. ಎಲ್ಲಿ ಒಂದು ಕಡೆ ಸಡಿಲವಾದರೂ ಎಂಟೂ ಒಟ್ಟಿಗೆ ಮುನಿಸಿಕೊಳ್ಳುತ್ತಿದ್ದವು. ನಾನು ಒಂದೊಂದೇ ಕೀಲು ಮುಟ್ಟಿ ನೋಡಿಕೊಂಡು ಬರುತ್ತಿದ್ದೆ. ನನಗೆ ಅದೊಂದು ವಿದ್ಯೆ ಅನಿಸಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವಳಿಗೆ ಅದೇನೂ ಹೊಸದಲ್ಲ.

ನಮ್ಮ ಶಾಖಾ ಕಚೇರಿ ಕೊಚ್ಚಿಯ ಪಕ್ಕದ ಕಳಮಶ್ಶೇರಿಯಲ್ಲಿತ್ತು. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು ಕಾಸರಗೋಡಿನ ಕಡೆಯವಳು. ಮೊದಲ ದಿನ ಫೋನಿನಲ್ಲಿ ಇಬ್ಬರೂ ಇಂಗ್ಲಿಷಿನಲ್ಲಿ ಹೆಣಗಿ, ಆಮೇಲೆ ಮಲಯಾಳಂಗೆ ಇಳಿದು, ನನ್ನ ಮಲಯಾಳಂ ಕೇಳಿ ಅವಳು ನಕ್ಕು, "ನೀವು ಕನ್ನಡದವರಾ ಎಂತ?" ಎಂದಳು. ಅಲ್ಲಿಂದ ಮುಂದೆ ಕನ್ನಡ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಜೋರು.

ಅವಳ ತಾಯಿಗೆ ಹೊಟ್ಟೆಯಲ್ಲಿ ಗಡ್ಡೆ. ಊರಲ್ಲಿ ಆಗುವುದಿಲ್ಲವೆಂದು ತಿರುವನಂತಪುರದ ಆಸ್ಪತ್ರೆಗೆ ಕರೆತಂದಿದ್ದರು. ತಮ್ಮ ಮತ್ತು ಅವನ ಹೆಂಡತಿ ಉಳ್ಳೂರಿನಲ್ಲಿ ಬಾಡಿಗೆ ಮನೆ ಮಾಡಿ ಇಟ್ಟುಕೊಂಡಿದ್ದರು. ವೈದ್ಯರು ಒಂದು ವರ್ಷ ಅಂದಿದ್ದರು, ಹೆಚ್ಚೆಂದರೆ. ಆ ಒಂದು ವರ್ಷ ತಾಯಿಯ ಹತ್ತಿರ ಇರಬೇಕೆಂದು ಅವಳಿಗೆ ಶ್ರೀಕಾರ್ಯಂ ಬೇಕಾಗಿತ್ತು. ಗಂಡನ ಹತ್ತಿರ ಇರಬೇಕೆಂದು ನನಗೆ ಕಳಮಶ್ಶೇರಿ ಬೇಕಾಗಿತ್ತು. ನಮ್ಮ ಇಲಾಖೆಯಲ್ಲಿ ಇಬ್ಬರು ಒಪ್ಪಿ ಜಾಗ ಬದಲಿಸಿಕೊಳ್ಳುವುದಕ್ಕೆ ಜೋಡಿ ವರ್ಗಾವಣೆ ಎನ್ನುತ್ತಿದ್ದರು. ಇಬ್ಬರ ಅರ್ಜಿಯೂ ದೆಹಲಿಗೆ ಸೇರಬೇಕು, ಒಂದಕ್ಕೊಂದು ಹೊಂದಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ಎರಡೂ ಬಿದ್ದುಹೋಗುತ್ತಿದ್ದವು, ಮತ್ತೆ ಮುಂದಿನ ವರ್ಷವೇ.

ಆ ವರ್ಷ ದೆಹಲಿಯವರು ಕಾಗದದ ಅರ್ಜಿ ಬೇಡವೆಂದರು. ಸಿಬ್ಬಂದಿ ವಿವರದ ಪ್ರೋಗ್ರಾಮನ್ನು ಹೊಸದು ಮಾಡಿದ್ದಾರೆ, ಅದನ್ನು ಎಲ್ಲ ಕಚೇರಿಗಳೂ ತಮ್ಮ ಸರ್ವರಿಗೆ ಹಾಕಿಕೊಳ್ಳಬೇಕು, ಅರ್ಜಿಗಳನ್ನು ಅದರಲ್ಲೇ ತುಂಬಿ, ದಸರೆ ಮುಗಿದ ಶುಕ್ರವಾರ ಸಂಜೆ ಐದರೊಳಗೆ ಮೋಡೆಮ್ಮಿನಲ್ಲಿ ಕಳಿಸಬೇಕು. ಪ್ರತಿ ಕಚೇರಿಯ ಅರ್ಜಿಯೂ ಆಯಾ ಕಚೇರಿಯಿಂದಲೇ ಬರಬೇಕು. ಅಪ್‌ಡೇಟಿನ ಆರು ಫ್ಲಾಪಿಗಳು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದವು. ನಾನು ಅವನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಟ್ಟೆ.

ಅಂದು ಪೂಜೆಯ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ. ಕೇರಳದಲ್ಲಿ ಅಷ್ಟಮಿಯ ಸಂಜೆ ಪುಸ್ತಕ, ಲೇಖನಿ, ಕಸುಬಿನ ಸಾಮಾನು ದೇವರ ಮುಂದೆ ಇಟ್ಟರೆ ವಿಜಯದಶಮಿಯ ಬೆಳಿಗ್ಗೆವರೆಗೆ ಮುಟ್ಟುವುದಿಲ್ಲ. ನಮ್ಮ ಕಚೇರಿಯಲ್ಲಿ ರಜೆಗೆ ಮೊದಲೇ ಅದನ್ನು ಮಾಡಿಬಿಡುತ್ತಿದ್ದರು: ಗ್ರಂಥಾಲಯದ ಮೇಜಿನ ಮೇಲೆ ರೇಷ್ಮೆ ಬಟ್ಟೆ, ದೀಪ, ಹೂವು, ಅಷ್ಟೇ. ಫೈಲು, ಪಂಚಿಂಗ್ ಯಂತ್ರ, ಸ್ಟೇಪ್ಲರ್ ಎಲ್ಲ ತಂದಿಟ್ಟರು. ಹೆಡ್ ಕ್ಲರ್ಕ್ ನನ್ನ ಬಿಸ್ಕತ್ತಿನ ಡಬ್ಬಿಯನ್ನೂ ತರಿಸಿದರು. ಅಲ್ಲಿ ಎಲ್ಲರಿಗೂ ನಾನು ಚೇಚಿ, ಅಂದರೆ ಅಕ್ಕ. "ಚೇಚಿಯ ಫ್ಲಾಪಿಗೂ ಸರಸ್ವತಿಯ ಕಟಾಕ್ಷ ಇರಲಿ, ದೆಹಲಿಯವರ ಕಟಾಕ್ಷ ಹೇಗೂ ಇಲ್ಲ."

ನನಗೆ ಆ ಮೇಜು ಬೋಳುಬೋಳಾಗಿ ಕಂಡಿತು. ಆಯುಧ ಪೂಜೆ ಎಂದರೆ ನನ್ನ ಕಣ್ಣಿಗೆ ಅರಿಶಿನ ಕುಂಕುಮ. ತವರಿನಲ್ಲಿ ಹೊಲಿಗೆ ಯಂತ್ರ, ಈಳಿಗೆಮಣೆ, ಸೈಕಲ್ಲು, ಕಡೆಗೆ ಕರೆಂಟಿನ ಮೀಟರಿಗೂ ಬೊಟ್ಟು ಇಡದೆ ಬಿಡುತ್ತಿರಲಿಲ್ಲ. ಮನೆಯಿಂದ ಸಣ್ಣ ಕುಂಕುಮದ ಬಟ್ಟಲು ತಂದಿದ್ದೆ. ಎಲ್ಲರೂ ಪ್ರಸಾದದ ಅವಲಕ್ಕಿ ತಿನ್ನಲು ಹೋದಾಗ ನೀರಿನಲ್ಲಿ ಕಲಸಿ ಒಂದೊಂದಕ್ಕೂ ಇಟ್ಟೆ. ಫ್ಲಾಪಿಗಳ ಚೀಟಿಯ ಮೇಲೆ ಮೂಲೆಯಲ್ಲಿ ಒಂದೊಂದು ಬೊಟ್ಟು. ಐದನೆಯದರ ಚೀಟಿಯ ತುಂಬ ಅಂಚೆ ವಿಭಾಗದ ದುಂಡು ಮೊಹರು ಬಿದ್ದಿತ್ತು. ಸಂಖ್ಯೆಯೂ ಮೊಹರೂ ಅಳಿಸಬಾರದೆಂದು ಅದನ್ನು ಮಗುಚಿದೆ. ಹಿಂಭಾಗದ ನಡುವೆ ಬೆಳ್ಳಿಯ ಹಾಗೆ ಹೊಳೆಯುವ ಒಂದು ಲೋಹದ ಬಿಲ್ಲೆ ಇರುತ್ತದೆ. ಬೊಟ್ಟಿಗೆಂದೇ ಮಾಡಿದ ಹಾಗಿತ್ತು. ಅಲ್ಲಿಟ್ಟೆ. ತುಸು ದೊಡ್ಡದಾಗಿಯೇ ಇಟ್ಟೆ, ಆ ಅಪ್‌ಡೇಟಿನಲ್ಲಿ ನನ್ನ ವರ್ಗವೂ ಇತ್ತಲ್ಲ.

ರಜೆ ಮುಗಿದು ಮಂಗಳವಾರ ಎಲ್ಲರನ್ನೂ ನೆಟ್‌ವರ್ಕಿನಿಂದ ಹೊರಗೆ ಬರಲು ಹೇಳಿ ಸರ್ವರಿನ ಮುಂದೆ ಕೂತೆ. ಹಳೆಯದನ್ನು ಬೇರೆ ಫ್ಲಾಪಿಗಳಿಗೆ ನಕಲು ಮಾಡಿ ತೆಗೆದಿಟ್ಟೆ. ಒಂದು, ಎರಡು, ಮೂರು, ನಾಲ್ಕು ಸಲೀಸಾಗಿ ಹೋದವು. ಐದನೆಯದು ಅರ್ಧಕ್ಕೆ ಕರಕರ ಎಂದಿತು. ಓದಲಾಗುತ್ತಿಲ್ಲ, ಬಿಡಲೇ, ಮತ್ತೆ ಯತ್ನಿಸಲೇ ಎಂದು ಪರದೆ ಕೇಳಿತು. ಮತ್ತೆ ಯತ್ನಿಸು ಎಂದೆ. ಹದಿನೇಳು ಸಲ ಎಂದೆ.

ಹಳೆಯ ಪ್ರೋಗ್ರಾಂ ಅರ್ಧ ಅಳಿಸಿತ್ತು, ಹೊಸದು ಅರ್ಧ ಬಂದಿತ್ತು. ಹಳೆಯದನ್ನೇ ವಾಪಸು ಹಾಕೋಣವೆಂದು ನಾನೇ ಮಾಡಿಟ್ಟ ನಕಲನ್ನು ತುರುಕಿದೆ. ಅದನ್ನೂ ಓದಲಿಲ್ಲ. ಒಂದು ಗಂಟೆಯ ಹಿಂದೆ ಇದೇ ಯಂತ್ರ ಬರೆದುಕೊಟ್ಟ ಫ್ಲಾಪಿ ಅದು.

ಸರ್ವರಿನ ತಪ್ಪೋ ಫ್ಲಾಪಿಯ ತಪ್ಪೋ ತಿಳಿಯಲು ಐದನೆಯದನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡುವುದು ತರಬೇತಿಯಲ್ಲಿ ಕಲಿಸಿದ ಕ್ರಮ. ಹಾಗೇ ಮಾಡಿದೆ. ಬುಧವಾರ ಇಡೀ ದಿನ ಅದನ್ನು ಹಿಡಿದುಕೊಂಡು ಗ್ರಂಥಾಲಯ, ರವಾನೆ ವಿಭಾಗ, ನಕ್ಷೆ ಕೋಣೆ ಎಂದು ಒಂದೊಂದೇ ಮೇಜಿಗೆ ಹೋದೆ. ನಾನು ಎದ್ದು ಹೋದ ಮೇಲೆ ಆ ಯಂತ್ರ ಯಾರ ಫ್ಲಾಪಿಯನ್ನೂ ಓದದು. ಸಂಜೆಯೊಳಗೆ ಏಳು ಕಂಪ್ಯೂಟರುಗಳು ಹೀಗಾದವು.

"ವೈರಸ್ಸೇ, ಸಂಶಯವಿಲ್ಲ" ಎಂದರು ಹೆಡ್ ಕ್ಲರ್ಕ್. ಮೂಗಿಗೆ ಕರ್ಚೀಫು ಹಿಡಿದು ನನ್ನ ದಾರಿಗೆ ಅಡ್ಡ ನಿಂತರು. "ಚೇಚೀ, ನಮ್ಮ ಸೆಕ್ಷನ್ನಿಗೆ ಬರಬೇಡಿ. ನಾವು ಮಕ್ಕಳೊಂದಿಗರು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಗುರುವಾರ ಕಳಮಶ್ಶೇರಿಗೆ ಫೋನು ಮಾಡಿದೆ. ಅವಳದು ಮಂಗಳವಾರವೇ ಮುಗಿದಿತ್ತು. ಅರ್ಜಿಯನ್ನೂ ಕಳಿಸಿಯಾಗಿತ್ತು.

"ಎಂತ ಮಾರಾಯ್ತಿ, ನಿಮ್ಮ ಐದನೇದು ಇನ್ನೂ ಹಠ ಮಾಡ್ತಾ ಉಂಟಾ? ನೀವು ಮೈಸೂರಿನವರು ಅದಕ್ಕೂ ಕೂತ್ಕೊಳ್ಳಿ, ಕಾಫಿ ಕುಡೀರಿ ಹೇಳ್ತೀರೋ ಏನೋ. ಎರಡು ಬಾರಿಸಿ."

"ಬಾರಿಸಿದ್ದೂ ಆಯ್ತು ಕಣೇ. ನಾಳೆ ಐದು ಗಂಟೆಗೆ ಮುಗೀತದೆ. ನನಗೆ ಕೈಕಾಲು ಆಡ್ತಿಲ್ಲ."

ಅವಳ ದನಿ ಬೇರೆಯಾಯಿತು. "ಮೊನ್ನೆ ಭಾನುವಾರ ಅಮ್ಮ ಕೇಳಿದ್ರು, ನೀನು ಯಾವಾಗ ಬರ್ತಿ, ಬಟ್ಟೆ ಇಡ್ಲಿಕ್ಕೆ ಕಪಾಟು ಖಾಲಿ ಮಾಡ್ಸಬೇಕಲ್ಲ ಹೇಳಿ. ನಾನು ನನ್ನ ಐದನೇದನ್ನು ಕಾಪಿ ಮಾಡಿ ಕೊಡ್ತೇನೆ. ನಿಮ್ಮ ಯಜಮಾನ್ರನ್ನು ಕಳ್ಸಿ. ಒಂದಲ್ಲ, ಎರಡು ಕಾಪಿ ಮಾಡ್ತೇನೆ, ಒಂದು ಹೋದ್ರೂ ಒಂದು ಇರ್ಲಿ."

ನನ್ನವರು ಅಂದು ಸಂಜೆ ಪಾಳಿ ಮುಗಿಸಿ ಅಂಬಲಮುಗಳ್‌ನಿಂದ ಕಳಮಶ್ಶೇರಿಗೆ ಬಸ್ಸಿನಲ್ಲಿ ಹೋಗಿ ಆ ಎರಡು ಫ್ಲಾಪಿ ತೆಗೆದುಕೊಂಡರು. ಶುಕ್ರವಾರ ರಜೆ ಹಾಕಿ ಬೆಳಗಿನ ರೈಲು ಹತ್ತಿದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಶರ್ಟಿನ ಜೇಬಿನಲ್ಲಿಟ್ಟು, ಜೇಬಿಗೆ ಪಿನ್ನು ಹಾಕಿಕೊಂಡು ಬಂದಿದ್ದರು. ಹನ್ನೆರಡೂವರೆಗೆ ಆಫೀಸಿನ ಬಾಗಿಲಲ್ಲಿ ನಿಂತು ಪಿನ್ನು ಬಿಚ್ಚಿ ಕೊಟ್ಟಾಗ ಎಲ್ಲರೂ ಎದ್ದು ಬಂದರು.

ಮೊದಲನೆಯ ಕಾಪಿಯನ್ನು ಸರ್ವರಿಗೆ ಹಾಕಿದೆ. ಅದೇ ಕರಕರ. ಹೊರಗೆ ತೆಗೆದು ಗ್ರಂಥಾಲಯದ ಯಂತ್ರದಲ್ಲಿ ನೋಡಿದೆ, ನಕ್ಷೆ ಕೋಣೆಯದರಲ್ಲಿ ನೋಡಿದೆ. ಎರಡನೆಯದು ಕೈಯಲ್ಲಿತ್ತು. ಆತುರ ಬೇಡವೆಂದು ಸರ್ವರನ್ನು ಆರಿಸಿ ಹತ್ತು ನಿಮಿಷ ತಣಿಯಲು ಬಿಟ್ಟು, ಮತ್ತೆ ಹೊತ್ತಿಸಿ, ಬಟ್ಟೆಯಿಂದ ಫ್ಲಾಪಿಯ ಹೊರಗೆಲ್ಲ ಒರೆಸಿ ಹಾಕಿದೆ. ಅದೂ ಹೋಯಿತು.

ಮೂರು ಗಂಟೆಗೆ ಕಳಮಶ್ಶೇರಿಯಿಂದ ಫೋನು. ಮೂರೂವರೆಗೆ ಮತ್ತೆ. ನಾಲ್ಕೂವರೆಗೆ ಅವಳು ಏನನ್ನೂ ಕೇಳಲಿಲ್ಲ, "ಇನ್ನೂ ಟೈಮ್ ಉಂಟಲ್ಲ?" ಎಂದಷ್ಟೇ ಅಂದಳು. ನನ್ನವರು ವರಾಂಡದ ಬೆಂಚಿನ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದರು. ಐದಕ್ಕೆ ಹೆಡ್ ಕ್ಲರ್ಕ್ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಅವರು ತಮಾಷೆ ಮಾಡದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದೆಹಲಿಗೆ ಒಂದು ತಂತಿ ಕಳಿಸಿದೆವು, ಕಾಗದದಲ್ಲಿ ಅರ್ಜಿಯನ್ನೂ ಅಂಚೆಗೆ ಹಾಕಿದೆವು.

ಸೋಮವಾರ ಕೊಚ್ಚಿಯಿಂದ ಸರ್ವೀಸ್ ಎಂಜಿನಿಯರ್ ಬಂದರು, ಕನ್ನಡಕದ ಶಾಂತ ಮನುಷ್ಯ. ಸರ್ವರಿನ ಡ್ರೈವನ್ನು ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಓದುವ ಮುಳ್ಳನ್ನು ಒರೆಸಿದರು. ಹತ್ತಿ ಕೆಂಪಾಗಿ ಹೊರಬಂತು. ಇನ್ನೊಂದು ಕಡ್ಡಿ ಹಾಕಿದರು, ಅದೂ ಕೆಂಪು, ಅಂಚಿನಲ್ಲಿ ಹಳದಿ.

"ಇದೇನು ಮೇಡಂ? ತುಕ್ಕು ಹೀಗಿರುವುದಿಲ್ಲವಲ್ಲ."

ನಾನು ನೋಡಿದೆ. ನೋಡಿದ ಕ್ಷಣವೇ ತಿಳಿಯಿತು. ಬಿಲ್ಲೆಯ ಮೇಲಿನ ಬೊಟ್ಟು ಮೂರು ದಿನ ಒಣಗಿ, ಫ್ಲಾಪಿ ತಿರುಗಿದಾಗ ಪುಡಿಯಾಗಿ ಒಳಗೆ ಹಾರಿತ್ತು. ಮುಳ್ಳಿಗೆ ಅಂಟಿತ್ತು. ಆ ಮುಳ್ಳು ಆಮೇಲೆ ಬಂದ ಒಂದೊಂದು ಫ್ಲಾಪಿಯನ್ನೂ ಗೀರಿತ್ತು. ಆ ಐದನೆಯದನ್ನು ನಾನೇ ಏಳು ಯಂತ್ರಗಳಿಗೆ ಒಯ್ದು ಉಣಿಸಿದ್ದೆ. ಅವಳು ಕಳಿಸಿದ ಎರಡನ್ನೂ ಅದೇ ಬಾಯಿಗೆ ಕೊಟ್ಟಿದ್ದೆ.

"ಗೊತ್ತಿಲ್ಲ" ಎಂದೆ.

ಅವರು ಹತ್ತಿಯನ್ನು ಬುಟ್ಟಿಗೆ ಹಾಕಿದರು. ಡ್ರೈವುಗಳನ್ನೆಲ್ಲ ಒರೆಸಿ, ದೆಹಲಿಯಿಂದ ಬೇರೆ ಫ್ಲಾಪಿ ತರಿಸಿ, ಆ ವಾರವೇ ಅಪ್‌ಡೇಟ್ ಮುಗಿಸಿಕೊಟ್ಟರು. ಕಚೇರಿಗೆ ಏನೂ ನಷ್ಟವಾಗಲಿಲ್ಲ. ಅಂದು ಬಸ್ಸಿನಲ್ಲಿ ಬರುವಾಗ ನೆನಪಾಯಿತು: ನಮ್ಮಲ್ಲಿ ಎಂಟು ಕಂಪ್ಯೂಟರ್. ಎಂಟನೆಯದು ಸಾಹೇಬರ ಕೋಣೆಯಲ್ಲಿ, ಹೊದಿಕೆ ತೆಗೆಯದೆ ಇತ್ತು. ಅವರು ಪ್ರವಾಸದಲ್ಲಿದ್ದರು, ಅವರಿಲ್ಲದಾಗ ಆ ಬಾಗಿಲು ತೆಗೆಯುವ ಅಭ್ಯಾಸ ನಮಗಿರಲಿಲ್ಲ. ಎರಡನೆಯ ಕಾಪಿಯನ್ನು ಅದರಲ್ಲಿ ಹಾಕಿದ್ದರೆ ಕೇಬಲ್ಲಿನ ಮೇಲೇ ಸರ್ವರಿಗೆ ತಲುಪುತ್ತಿತ್ತು. ಬೀಗದಕೈ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ತಿಂಗಳಾದ ಮೇಲೆ ದೆಹಲಿಯ ಕಾಗದ ಬಂತು. ಕಳಮಶ್ಶೇರಿಯ ಅರ್ಜಿಗೆ ಜೋಡಿ ಸಿಕ್ಕಿಲ್ಲ, ಮುಂದಿನ ವರ್ಷ ಹೊಸದಾಗಿ ಸಲ್ಲಿಸಬಹುದು. ಅವಳಿಗೆ ಫೋನು ಮಾಡಿ ಓದಿ ಹೇಳಿದೆ.

"ಅಮ್ಮನಿಗೆ ಎಂತ ಹೇಳ್ಲಿ ನಾನು?" ಎಂದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ನೀವು ಅಳ್ಬೇಡಿ ಮಾರಾಯ್ತಿ. ಮಿಷಿನ್ ಕೆಟ್ಟದ್ದಕ್ಕೆ ನೀವು ಎಂತ ಮಾಡ್ಲಿಕ್ಕುಂಟು? ನಿಮಗೂ ಹೋಯ್ತಲ್ಲ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಆ ವಾರ ಉಳ್ಳೂರಿನ ಮನೆಯನ್ನು ಹುಡುಕಿಕೊಂಡು ಹೋದೆ, ಒಂದು ಡಬ್ಬಿಯಲ್ಲಿ ಮೆಂತ್ಯದ ತಂಬುಳಿ ಹಿಡಿದು.

ಅಂದಿನಿಂದ ಬುಧವಾರ, ಶುಕ್ರವಾರ ಆಫೀಸು ಬಿಟ್ಟ ಮೇಲೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಕಳಮಶ್ಶೇರಿಯ ಮಗಳು ಭಾನುವಾರ ಬರುತ್ತಿದ್ದಳು, ಎರಡು ವಾರಕ್ಕೊಮ್ಮೆ. ಭಾನುವಾರ ನಮ್ಮವರು ಮನೆಯಲ್ಲಿರುತ್ತಾರೆಂಬ ನೆಪ ನನಗಿತ್ತು. ಅವಳ ಮುಖಕ್ಕೆ ಮುಖ ಕೊಡುವುದನ್ನು ಹಾಗೆ ತಪ್ಪಿಸಿಕೊಂಡೆ. ಸೊಸೆ ತಿರುವನಂತಪುರದವಳು, ಒಳ್ಳೆಯ ಹುಡುಗಿ, ಮಾತು ಕಡಿಮೆ. ನಾನು ಹೋದರೆ ಅವಳಿಗೆ ಒಂದು ಗಂಟೆ ಬಿಡುವು. ನಾನು ಆ ತಾಯಿಯ ತಲೆ ಬಾಚುವುದು, ಕಾಲು ಒತ್ತುವುದು, ಹಾಲಿಗೆ ಅವಲಕ್ಕಿ ನೆನೆಸಿ ನಾಲ್ಕು ಚಮಚ ಕೊಡುವುದು.

ಮೊದಲ ದಿನವೇ ಅವರು ನನ್ನ ಮಾತು ಕೇಳಿ ಕಣ್ಣರಳಿಸಿದರು. "ನಿನ್ನ ಕನ್ನಡ ರೇಡಿಯೋ ವಾರ್ತೆ ಹಾಗೆ ಉಂಟು. ಕೇಳ್ಲಿಕ್ಕೆ ಲಾಯ್ಕ. ಕಡೆಗೆ ಹವಾಮಾನ ಹೇಳ್ತೀಯೇನೋ ಅಂತ ಕಾಯ್ತಾ ಇರ್ತೇನೆ."

ಅದರ ನಂತರ ಹೋಗುವಾಗಲೆಲ್ಲ ನಾನು ಹವಾಮಾನ ಹೇಳಿಯೇ ಎದ್ದೇಳುತ್ತಿದ್ದೆ. ಇಂದು ಮೋಡ ಕವಿದಿರುತ್ತದೆ, ಒಂದೆರಡು ಕಡೆ ಮಳೆಯಾಗಬಹುದು. ಅವರು ನೋವಿನಲ್ಲೂ ನಗುತ್ತಿದ್ದರು, ಬಾಯಿಗೆ ಕೈ ಅಡ್ಡ ಹಿಡಿದು.

ಒಂದು ದಿನ ಕೇಳಿದರು, "ನನ್ನ ಮಗಳಿಗೆ ವರ್ಗ ಯಾಕೆ ಆಗ್ಲಿಲ್ಲ?"

"ನಮ್ಮ ಕಂಪ್ಯೂಟರ್ ಕೆಟ್ಟಿತ್ತು, ಅಮ್ಮ."

"ಯಾರು ಕೆಡ್ಸಿದ್ದು?"

"ತಾನಾಗೇ ಕೆಟ್ಟಿತು."

"ತಾನಾಗೇ ಕೆಡ್ಲಿಕ್ಕೆ ಅದೆಂತ, ಹಾಲಾ?"

ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ನಲ್ಲಿ ತಿರುಗಿಸಿಕೊಂಡು ಅಲ್ಲೇ ನಿಂತಿದ್ದೆ, ಲೋಟ ತುಂಬಿ ಹರಿಯುತ್ತಿತ್ತು.

ಕಪಾಟಿನ ಒಂದು ಅರೆಯನ್ನು ಅವರು ಖಾಲಿ ಮಾಡಿಸಿಯೇ ಇಟ್ಟಿದ್ದರು. ವರ್ಗ ಆಗಲಿಲ್ಲವೆಂದು ತಿಳಿದ ಮೇಲೂ ಅದರಲ್ಲಿ ಏನನ್ನೂ ಇಡಲು ಸೊಸೆಗೆ ಬಿಡಲಿಲ್ಲ. ಮುಂದಿನ ವರ್ಷ ಬರ್ತಾಳಲ್ಲ, ಎನ್ನುತ್ತಿದ್ದರು. ಚಳಿಗಾಲ ಕಳೆಯಿತು, ವಿಷು ಕಳೆಯಿತು. ಮಾವಿನ ಹಣ್ಣಿನ ರಸ ಎರಡು ಚಮಚ ಕುಡಿದರು, ಆಮೇಲೆ ಅದೂ ಬೇಡವಾಯಿತು. ಮಳೆಗಾಲ ಹಿಡಿದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಸೊಸೆ ಪಕ್ಕದ ಮನೆಯಿಂದ ಫೋನು ಮಾಡಿ, "ಚೇಚೀ, ಬೇಗ ಬನ್ನಿ" ಎಂದಳು. ಮಗ ವೈದ್ಯರನ್ನು ಕರೆತರಲು ಓಡಿದ್ದ. ಕಳಮಶ್ಶೇರಿಗೂ ತಿಳಿಸಿದ್ದರು, ಅವಳು ರೈಲು ಹತ್ತಿದ್ದಳು.

ನಾನು ಪಕ್ಕದಲ್ಲಿ ಕೂತೆ. ಅವರು ಕಣ್ಣು ಬಿಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. "ಬಂದಿಯಾ?" ಎಂದರು. ಯಾರೆಂದು ತಿಳಿದು ಕೇಳಿದರೋ ಗೊತ್ತಿಲ್ಲ. "ಬಂದೆ ಅಮ್ಮ" ಎಂದೆ. ನನ್ನ ಕೈಯಿಂದ ಒಂದು ಚಮಚ ನೀರು ಇಳಿಯಿತು, ಎರಡನೆಯದು ಇಳಿಯಲಿಲ್ಲ. ಆಗ ಹನ್ನೊಂದು ಗಂಟೆ. ಅವಳ ರೈಲು ಆ ಹೊತ್ತಿಗೆ ಕೊಲ್ಲಂ ದಾಟಿತ್ತೋ ಇಲ್ಲವೋ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಬಂದಳು, ಬಾಗಿಲಲ್ಲಿ ಚಪ್ಪಲಿಗಳನ್ನು ಕಂಡೇ ಅರ್ಥ ಮಾಡಿಕೊಂಡಳು. ಅಷ್ಟು ಜನರ ನಡುವೆ ನಾನು ಯಾರೆಂದು ಯಾರೋ ಹೇಳಿರಬೇಕು. ನನ್ನ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

ಇಷ್ಟಾದ ಮೇಲೆ ಆ ಸಂಜೆ. ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು, ಕೂದಲು ಸುಮ್ಮನೆ ಗಂಟು ಹಾಕಿ. ಫೋನಿನ ದನಿಗೆ ನಾನು ಕಲ್ಪಿಸಿಕೊಂಡದ್ದಕ್ಕಿಂತ ಬಹಳ ಸಣ್ಣ ಆಳು. ನನ್ನ ಮಗಳು ಅವಳ ಕನ್ನಡವನ್ನು ಕುತೂಹಲದಿಂದ ಕೇಳುತ್ತಿದ್ದಳು, ಉತ್ತರವನ್ನೆಲ್ಲ ಮಲಯಾಳದಲ್ಲೇ ಕೊಡುತ್ತಿದ್ದಳು. ಕಾಫಿ ಕೊಟ್ಟೆ. ಮಗಳನ್ನು ಪಕ್ಕದ ಮನೆಗೆ ಆಟಕ್ಕೆ ಕಳಿಸಿದೆ.

"ಅಮ್ಮನಿಗೆ ನೀವೇ ಮಗಳಾದ್ರಿ" ಎಂದಳು. "ನಾನು ಮಾಡ್ಬೇಕಾದ್ದನ್ನೆಲ್ಲ ನೀವು ಮಾಡಿದ್ರಿ. ಅದನ್ನು ಹೇಳದೆ ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ."

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ನಿಂತುಕೊಂಡೇ ಹೇಳಿದೆ. ಪೂಜೆಯ ಮೇಜು, ಬೊಟ್ಟು, ಏಳು ಯಂತ್ರಗಳು, ಅವಳ ಎರಡು ಕಾಪಿ, ಕೆಂಪು ಹತ್ತಿ, ಗೊತ್ತಿಲ್ಲ ಎಂದದ್ದು, ಎಲ್ಲವನ್ನೂ ಹೇಳಿದೆ. ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದಳು.

"ಯಾವ ದಿನ ಗೊತ್ತಾದ್ದು ನಿಮಗೆ?"

"ಆ ಸೋಮವಾರವೇ."

"ಸೋಮವಾರವೇ." ಲೋಟ ಕೆಳಗಿಟ್ಟಳು. "ಹಾಗಾದ್ರೆ ನೀವು ಅಮ್ಮನ ಹತ್ರ ಹೋಗ್ಲಿಕ್ಕೆ ಶುರು ಮಾಡಿದ್ದು ಅದಕ್ಕೇನಾ?"

"ಮೊದಲು ಅದಕ್ಕೇ. ಆಮೇಲೆ ಅಲ್ಲ."

"ಅಮ್ಮನಿಗೆ ಹೇಳಿದ್ರಾ ಇದನ್ನು?"

"ಇಲ್ಲ. ಒಂದ್ಸಲ ಕೇಳಿದ್ರು, ಆದ್ರೂ ಹೇಳಲಿಲ್ಲ."

"ಹೇಳ್ಬೇಕಿತ್ತು ಮಾರಾಯ್ತಿ." ಎಂದಳು. "ಅಮ್ಮ ಎಷ್ಟು ನಗಾಡ್ತಿದ್ರು ಗೊತ್ತುಂಟಾ? ಕಂಪ್ಯೂಟರಿಗೆ ಕುಂಕುಮ ಹಾಕಿ ನನ್ನ ಮಗಳನ್ನು ಕೊಚ್ಚಿಯಲ್ಲೇ ಕೂರ್ಸಿದ್ದು ಇವಳು ಹೇಳಿ ಬಂದವರಿಗೆಲ್ಲ ಹೇಳ್ತಿದ್ರು. ಸಾಯುವವರೆಗೂ ಹೇಳ್ತಿದ್ರು."

ಅಷ್ಟು ಹೇಳಿ ಅಳಲು ಶುರು ಮಾಡಿದಳು. ಹದಿನಾಲ್ಕು ದಿನ ಎಲ್ಲರೆದುರು ಅತ್ತಂತೆ ಇದು ಇರಲಿಲ್ಲ. ನಾನು ಹತ್ತಿರ ಹೋಗಬಹುದೋ ಬಾರದೋ ತಿಳಿಯದೆ ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ಅವಳು ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಮುಖ ತೊಳೆಯಲು ಎದ್ದಳು, ಟವೆಲ್ಲು ಕೊಟ್ಟೆ, ತೆಗೆದುಕೊಂಡಳು.

ಚೀಲದಲ್ಲಿ ವರ್ಗಾವಣೆಯ ನಮೂನೆಗಳಿದ್ದವು, ಕಂಪ್ಯೂಟರಿಗೆ ತುಂಬುವ ಮೊದಲು ಕೈಯಲ್ಲಿ ಬರೆದುಕೊಳ್ಳಲು. ಹೊರಗೆ ತೆಗೆಯಬಾರದೆಂದೇ ಅಂದುಕೊಂಡಿದ್ದೆ. ಅವಳೇ ಕೇಳಿದಳು.

"ಸುತ್ತೋಲೆ ಬಂತಂತಲ್ಲ. ಅಲ್ಲಿಗೂ ಬಂದಿದೆ ಹೇಳಿ ಫೋನು ಮಾಡಿದ್ರು."

"ಬಂದಿದೆ."

"ನಾನು ಹಾಕೂದಿಲ್ಲ." ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿದಳು. "ನನಗೆ ಇನ್ನು ಇಲ್ಲಿ ಎಂತ ಉಂಟು? ನಮ್ಮ ಯಜಮಾನ್ರ ಕೆಲಸ ಅಲ್ಲಿ, ಮಕ್ಕಳ ಶಾಲೆ ಅಲ್ಲಿ. ನಿಮಗೆ ಇದ್ರಿಂದ ತೊಂದ್ರೆ ಹೇಳಿ ಗೊತ್ತುಂಟು. ಸಿಟ್ಟಿಗೆ ಹೇಳೂದಲ್ಲ. ಸಿಟ್ಟು ಉಂಟು, ಅದು ಬೇರೆ. ಆದ್ರೆ ಇದು ಅದಕ್ಕಲ್ಲ."

"ಆಯ್ತು" ಎಂದೆ. ಕಳಮಶ್ಶೇರಿಯಲ್ಲಿ ಜಾಗ ಬದಲಿಸಿಕೊಳ್ಳಬಲ್ಲವರು ಅವಳ ಹೊರತು ಇನ್ನೊಬ್ಬರಿರಲಿಲ್ಲ.

ಏಳೂವರೆಗೆ ನಮ್ಮವರು ಎಂದಿನಂತೆ ಬೂತಿನಿಂದ ಫೋನು ಮಾಡಿದರು. ಹಿಂದೆ ಬಸ್ಸುಗಳ ಸದ್ದು. ಅವಳು 'ಹಾಕುವುದಿಲ್ಲ' ಎಂದಳೆಂದು ಹೇಳಿದೆ. "ಪಾಪ, ಅವಳಿಗೆ ಊಟಕ್ಕೇನು ಮಾಡಿದ್ದೀಯ?" ಎಂದರು. ಆಮೇಲೆ, "ಶನಿವಾರ ಬರ್ತೀನಲ್ಲ" ಎಂದರು. ಬೀಪ್ ಬೀಪ್ ಎಂದು ಲೈನು ಕಡಿಯಿತು.

ಗಂಜಿ ಮಾಡಿದ್ದೆ. ಹೆಸರುಕಾಳಿನ ಪಲ್ಯ, ತೆಂಗಿನಕಾಯಿ ಚಟ್ನಿ, ಸುಟ್ಟ ಹಪ್ಪಳ. ಮಗಳು ಎರಡು ಸಲ ಹಾಕಿಸಿಕೊಂಡಳು, ಹಪ್ಪಳ ಸಾಲದೆಂದು ಮಲಯಾಳದಲ್ಲಿ ದೂರಿದಳು. ಕಳಮಶ್ಶೇರಿಯವಳು ಗಂಜಿಯ ತಿಳಿಯನ್ನಷ್ಟೇ ಕುಡಿದು, ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿ, ನಾನು ನೋಡುತ್ತಿದ್ದೇನೆಂದು ತಿಳಿದು ಒಂದು ತುತ್ತು ತಿಂದಳು. ಬಾಳೆಹಣ್ಣನ್ನು ಯಾರೂ ಮುಟ್ಟಲಿಲ್ಲ. ಎಂಟೂವರೆಗೆ ಅವಳು ಒಗೆದ ಹೊದಿಕೆಯ ಮೇಲೆ ಗೋಡೆಯತ್ತ ತಿರುಗಿ ಮಲಗಿದಳು, ತಲೆ ದಿಂಬಿಗೆ ಸೋಕಿದ ಕೂಡಲೇ ನಿದ್ದೆ ಹೋದಳು. ಮೊದಲು ಮಲಗಿದವಳು ಅವಳೇ. ಮಗಳು ಭೂಗೋಳದ ಪುಸ್ತಕದ ಮೇಲೆ ತೂಕಡಿಸಿ ಆಮೇಲೆ ಮಲಗಿದಳು. ನಾನು ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ದೀಪ ಆರಿಸಿದೆ.